'ಸರ್ವರ್ ಇಲ್ಲ' ಅಂದರೆ ಏನಿಲ್ಲ?

'ಸರ್ವರ್ ಇಲ್ಲ, ನಾಳೆ ಬನ್ನಿ.' ಈ ಮಾತು ಕೇಳದವರು ನಮ್ಮ ಬಜಗೋಳಿ ಕಡೆ ಯಾರೂ ಇರಲಿಕ್ಕಿಲ್ಲ. ಮಳೆ ಬಂತು, ಕರೆಂಟ್ ಹೋಯಿತು ಎನ್ನುವಷ್ಟೇ ಸಲೀಸಾಗಿ ಎಲ್ಲರೂ ಒಪ್ಪಿಕೊಳ್ಳುತ್ತೇವೆ. ಆದರೆ ಸರ್ವರ್ ಬೀಳುವುದಕ್ಕೆ ಯಾವಾಗಲೂ ಮಳೆ ಕಾರಣವಲ್ಲ.

2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ರಾಜ್ಯದಾದ್ಯಂತ ಕೈಕೊಟ್ಟಿತು. ಇದು ಬೇಕೆಂದೇ ನಡೆಸಿದ ದಾಳಿ ಎಂದು ಸರ್ಕಾರ ಪೊಲೀಸರಿಗೆ ದೂರು ಕೊಟ್ಟಿತು. ಸುಳ್ಳು ಖಾತೆ ತೆರೆದು, ಇ.ಸಿ. ಹುಡುಕುವ ಜಾಗಕ್ಕೆ ಮುಗಿಬಿದ್ದಿದ್ದರು. ಆಗ ಸುದ್ದಿಯಾದ ಲೆಕ್ಕ ಹೀಗಿತ್ತು: 62 ಇಮೇಲ್ ಖಾತೆ, 14 ಐಪಿ ವಿಳಾಸ, ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆ. ಇಂಥ ದಾಳಿಯಲ್ಲಿ ಏನನ್ನೂ ಕದಿಯಬೇಕಾಗಿಲ್ಲ. ಬಾಗಿಲಿಗೆ ಅಡ್ಡ ನಿಂತರೆ ಸಾಕು.

ನಷ್ಟ ಯಾರಿಗೆ? ಸಾಲಕ್ಕೆ ಇ.ಸಿ. ಬೇಕಾದ ಕೃಷಿಕನಿಗೆ. ಪಾಲುಪಟ್ಟಿಗೆ ಸಹಿ ಹಾಕಲು ಮುಂಬಯಿಯಿಂದ ರಜೆ ಹಾಕಿ ಬಂದವರಿಗೆ. ಅವರಿಗೆ 'ನಾಳೆ' ಎಂದರೆ ಇನ್ನೊಂದು ಟಿಕೆಟ್ಟಿನ ಖರ್ಚು.

'ಸರ್ವರ್ ಅಂದ್ರೆ ಎಂತ ಮಾರಾಯ, ಒಳಗೆ ಕೂತವರಾ, ಮಿಷನಾ?' ಎಂದು ನಮ್ಮ ದೊಡ್ಡಮ್ಮ ಕೇಳಿದ್ದರು. ಮಿಷನ್ನೇ, ದೊಡ್ಡಮ್ಮ. ಆದರೆ ಅದೂ ಗುಮಾಸ್ತನ ಹಾಗೆ ಮೋಸ ಹೋಗುತ್ತದೆ.

ಅದಕ್ಕೆ ಲಕ್ಷಗಟ್ಟಲೆ ಕೋರಿಕೆಯೂ ಬೇಡ. ಅಪಾಚೆ ಎಂಬ ವೆಬ್ ಸರ್ವರ್‌ನಲ್ಲಿ ಲಾಗಿನ್ ನೋಡಿಕೊಳ್ಳುವ 'ಮಾಡ್ ಆತ್ ಓಪನ್‌ಐಡಿಸಿ' ಎಂಬ ತಂತ್ರಾಂಶವಿದೆ. ಕಾವೇರಿಯ ಪ್ರಕರಣಕ್ಕೂ ಇದಕ್ಕೂ ಸಂಬಂಧವಿಲ್ಲ. 2024ರ ಫೆಬ್ರವರಿಯಲ್ಲಿ ಇದರಲ್ಲೊಂದು ಲೋಪ ಬೆಳಕಿಗೆ ಬಂತು. ಲಾಗಿನ್ ಆದವರ ಗುರುತುಚೀಟಿ, ಅಂದರೆ ಕುಕಿ, ದೊಡ್ಡದಾದರೆ ಅದನ್ನು ತುಂಡು ಮಾಡಿ ಬ್ರೌಸರಿನಲ್ಲೇ ಇಡುವ ವ್ಯವಸ್ಥೆ ಅದರಲ್ಲಿದೆ. ಎಷ್ಟು ತುಂಡು ಎಂಬ ಲೆಕ್ಕವನ್ನೂ ಬ್ರೌಸರೇ ಕೊಡುತ್ತದೆ. ಯಾರೋ ಕಿಡಿಗೇಡಿ 9,99,99,999 ಎಂದು ಬರೆದು ಕಳಿಸಿದರೆ, ಸರ್ವರ್ ಅದನ್ನೇ ನಂಬಿ ತುಂಡು ಹುಡುಕುತ್ತಾ ಕೂರುತ್ತಿತ್ತು. ಅಂಥ ನಾಲ್ಕಾರು ಕೋರಿಕೆ ಸಾಕು, ಸರ್ವರ್ ಸ್ತಬ್ಧ.

ಅಡಿಕೆ ಮಾರಲು ಬಂದವನು 'ಹತ್ತು ಕೋಟಿ ಚೀಲ ತಂದಿದ್ದೇನೆ' ಎಂದಾಗ ತಲೆಯೆತ್ತಿ ನೋಡದೆ ಒಂದು, ಎರಡು ಎಂದು ಎಣಿಸಲು ಶುರುಮಾಡಿದ ಹಾಗೆ. ಹಿಂದಿನ ಸಾಲು ನಿಂತಲ್ಲೇ ನಿಂತಿತು.

ಪರಿಹಾರ ಸಣ್ಣದು: ಬಂದ ಸಂಖ್ಯೆಯನ್ನು ನಂಬುವ ಮೊದಲು ಪರೀಕ್ಷಿಸು. 2.4.15.2 ಆವೃತ್ತಿಯಲ್ಲಿ ಸರಿಪಡಿಸಿ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳುವಂತೆ ಬಿಟ್ಟರು. ಆದರೆ ಔಷಧ ಅಂಗಡಿಯಲ್ಲಿದ್ದರೆ ಜ್ವರ ಇಳಿಯುವುದಿಲ್ಲ. ಪ್ರತಿ ಸರ್ವರಿಗೂ ಯಾರಾದರೂ ಕೂತು ಅದನ್ನು ಹಾಕಬೇಕು.

ಹಾಗಾಗಿ 'ಸರ್ವರ್ ಇಲ್ಲ' ಎಂದ ಕಡೆ ನಾನು ಮೂರು ಪ್ರಶ್ನೆ ಕೇಳುತ್ತೇನೆ: ಎಷ್ಟು ಹೊತ್ತಿನಿಂದ? ಮೇಲಿನವರಿಗೆ ತಿಳಿಸಿದ್ದೀರಾ? ಕಾರಣ ಏನಂತೆ? ಕೌಂಟರಿನಲ್ಲಿ ಕೂತವರ ಮೇಲೆ ರೇಗಿ ಫಲವಿಲ್ಲ, ತಂತ್ರಾಂಶ ಅವರ ಕೈಯಲ್ಲಿಲ್ಲ. ಆದರೆ ನಿಮ್ಮ ಅರ್ಜಿಗೆ ಕೊನೆಯ ದಿನಾಂಕವಿದ್ದರೆ ಬಂದ ದಿನ, ಸಮಯ ಬರೆದುಕೊಳ್ಳಿ, ಹಿಂಬರಹ ಕೇಳಿ. ಸರ್ವರ್ ಬಿದ್ದದ್ದಕ್ಕೆ ದಂಡ ಕಟ್ಟಬೇಕಾದವರು ನೀವಲ್ಲ.