ಸೀಟಿಯ ಭಾರ

ಆಟದ ಬಯಲಿನಲ್ಲಿ ಎಲ್ಲರ ಕಣ್ಣೂ ಚೆಂಡಿನ ಮೇಲಿರುತ್ತದೆ. ಚೆಂಡನ್ನು ಹೊಡೆದವನನ್ನು ಹೊಗಳುವವರುಂಟು, ತಪ್ಪಿದವನನ್ನು ತೆಗಳುವವರುಂಟು. ಆದರೆ ಎರಡು ತಂಡಗಳ ನಡುವೆ ನಿಂತು, ಯಾರ ಗೆಲುವಿನಲ್ಲಿಯೂ ಪಾಲು ಕೇಳದೆ, ಚೆಂಡಿನ ಹಿಂದೆ ಓಡಿಯೂ ಅದನ್ನು ಮುಟ್ಟದೆ ಒಂದು ಗಂಟೆಯ ಕಾಲ ದುಡಿಯುವ ಮನುಷ್ಯನೊಬ್ಬನಿದ್ದಾನೆಂಬುದು ಆತನು ತಪ್ಪು ಮಾಡಿದಾಗ ಮಾತ್ರವೇ ಜನರ ನೆನಪಿಗೆ ಬರುತ್ತದೆ. ಮದುವೆಯ ಮನೆಯಲ್ಲಿ ಅಡಿಗೆಯವನು ನೆನಪಾಗುವುದು ಸಾರಿಗೆ ಉಪ್ಪು ಹೆಚ್ಚಾದಾಗಲೇ ಅಲ್ಲವೆ? ಈ ಮಾತು ಎಲ್ಲ ದೇಶದ ಆಟಗಳಿಗೂ ಸಲ್ಲುವುದಾದರೂ, ಹಾಸನದ ಸೀಮೆಯಿಂದ ಹೋಗಿ ಐರ್ಲೆಂಡಿನ ಡಬ್ಲಿನ್ ನಗರದ ಅಂಚಿನಲ್ಲಿ ನೆಲೆಸಿರುವ ಗೃಹಸ್ಥರೊಬ್ಬರಿಗೆ ಅದು ಮನವರಿಕೆಯಾದದ್ದು ಅಲ್ಲಿಯ ಮಕ್ಕಳ ಆಟದ ಬಯಲೊಂದರಲ್ಲಿ. ಅದೂ ಸ್ವಲ್ಪ ತಡವಾಗಿ.

ಐರಿಷ್ ಜನರಿಗೆ ತಮ್ಮವೇ ಆದ ಆಟಗಳುಂಟು. ಹರ್ಲಿಂಗ್ ಎಂಬುದು ಒಂದು. ಆಷ್ ಮರದಿಂದ ಮಾಡಿದ, ತುದಿಯಲ್ಲಿ ಅಗಲವಾಗಿ ಬಾಗಿದ ದಾಂಡಿನಿಂದ ತೊಗಲಿನ ಸಣ್ಣ ಚೆಂಡನ್ನು ಹೊಡೆಯುವ ಆಟ ಅದು. ಕೈಯಿಂದಲೂ ಕಾಲಿನಿಂದಲೂ ಆಡುವ ಗೇಲಿಕ್ ಫುಟ್‌ಬಾಲ್ ಇನ್ನೊಂದು. ಎರಡರಲ್ಲಿಯೂ ಪ್ರಾಯದವರ ತಂಡಕ್ಕೆ ಹದಿನೈದು ಜನ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದ ಚೆಂಡಿಗೆ ಮೂರು ಅಂಕ, ಹರ್ಲಿಂಗಿನಲ್ಲಿ ಮೇಲೆ ಹಾರಿದ್ದಕ್ಕೆ ಒಂದು. ಈ ಆಟಗಳು ಮರೆತುಹೋಗಬಾರದೆಂದು 1884ರ ನವೆಂಬರ್ 1ರಂದು ಟಿಪ್ಪೆರರಿ ಕೌಂಟಿಯ ಥರ್ಲ್ಸ್ ಊರಿನ ಹೇಯ್ಸ್ ಹೋಟೆಲಿನಲ್ಲಿ ಕೆಲವರು ಸೇರಿದರು. ಅವರಲ್ಲಿ ಮುಂದಾಳಾದ ಮೈಕೇಲ್ ಕ್ಯುಸ್ಯಾಕ್ ಒಬ್ಬ ಉಪಾಧ್ಯಾಯ. ಅಂದು ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನು ಇಂದು ಆ ದೇಶದ ಮೂಲೆಮೂಲೆಗೂ ಬೇರುಬಿಟ್ಟಿದೆ. ಒಂದೊಂದು ಚರ್ಚಿನ ಪಾಳಯಕ್ಕೆ, ಎಂದರೆ ಹೆಚ್ಚುಕಡಿಮೆ ಒಂದೊಂದು ಊರಿಗೆ, ಒಂದೊಂದು ಕ್ಲಬ್ಬು. ಎಂಬತ್ತು ಸಾವಿರಕ್ಕೂ ಮಿಕ್ಕಿ ಜನ ಹಿಡಿಸುವ ಕ್ರೋಕ್ ಪಾರ್ಕಿನಲ್ಲಿ ದೇಶದ ಪ್ರಶಸ್ತಿಗಾಗಿ ಆಡುವವನೂ ಸೋಮವಾರ ಬೆಳಿಗ್ಗೆ ಶಾಲೆಗೋ ಕಚೇರಿಗೋ ಹೊಲಕ್ಕೋ ಹೋಗಬೇಕಾದವನೇ. ಆಟಕ್ಕೆ ಸಂಬಳವಿಲ್ಲ. ಆಡಿಸುವವರಿಗೂ ಇಲ್ಲ. ತೀರ್ಪುಗಾರನಿಗೆ ದೊರೆಯುವುದು ಪ್ರಯಾಣದ ವೆಚ್ಚ ಮಾತ್ರ. ಸಂಸ್ಥೆಯ ಸೊಬಗೂ ಕಷ್ಟವೂ ಎರಡೂ ಇದರಲ್ಲಿಯೇ ಇವೆ.

ಗೃಹಸ್ಥರಿಗೆ ಈ ಆಟದ ಪರಿಚಯವಾದದ್ದು ಮಗನಿಂದ. ಶಾಲೆಯ ಗೆಳೆಯರೊಡನೆ ಕ್ಲಬ್ಬಿಗೆ ಹೋಗಿ ಬಂದ ಹುಡುಗನು ಒಂದು ದಿನ ದಾಂಡನ್ನೂ ಶಿರಸ್ತ್ರಾಣವನ್ನೂ ಕೇಳಿದನು, ಕೊಡಿಸಿದರು. ಆಗ ಅವನಿಗೆ ಹತ್ತು ವರ್ಷ. ಮೊದಲು ಅವರು ಕೊಡೆ ಹಿಡಿದು ಮೌನವಾಗಿ ನಿಂತು ನೋಡುತ್ತಿದ್ದರು. ಮೆಲ್ಲಮೆಲ್ಲನೆ ನಿಯಮಗಳು ತಿಳಿದುವು. ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡಬಾರದು. ದಾಂಡಿನ ಮೇಲೆ ನಿಲ್ಲಿಸಿಕೊಂಡರೆ ಎಷ್ಟು ದೂರವಾದರೂ ಓಡಬಹುದು. ನಿಯಮ ತಿಳಿದ ಮೇಲೆ ಬಾಯಿ ಸುಮ್ಮನಿರುವುದುಂಟೆ? ಎರಡನೆಯ ವರ್ಷದ ಹೊತ್ತಿಗೆ ಗೆರೆಯ ಅಂಚಿನಲ್ಲಿ ನಿಂತು ಕೂಗುವ ತಂದೆತಾಯಿಗಳಲ್ಲಿ ಅವರೂ ಒಬ್ಬರಾಗಿದ್ದರು. ಅವರ ಪತ್ನಿ ಒಮ್ಮೆ, “ನೀವು ಆಫೀಸಿನಲ್ಲಿ ಇಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಯಾರೂ ಕೇಳಿರಲಾರರು” ಎಂದರು. ಗೃಹಸ್ಥರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಆ ಸಂಸ್ಥೆಯವರು ಗೋ ಗೇಮ್ಸ್ ಎಂಬ ಏರ್ಪಾಡನ್ನು ಮಾಡಿದ್ದಾರೆ. ಚಿಕ್ಕ ಬಯಲು, ಚಿಕ್ಕ ತಂಡ, ಬಂದ ಮಕ್ಕಳೆಲ್ಲರಿಗೂ ಆಟ. ಬಹುಮಾನದ ಬಟ್ಟಲಿಲ್ಲ, ಗೆದ್ದವರ ಪಟ್ಟಿಯಿಲ್ಲ. ಇಂಥ ಪಂದ್ಯಗಳಿಗೆ ಕ್ಲಬ್ಬಿನ ಹದಿಹರೆಯದ ಹುಡುಗ ಹುಡುಗಿಯರನ್ನೇ ತೀರ್ಪುಗಾರರನ್ನಾಗಿ ನಿಲ್ಲಿಸುವ ವಾಡಿಕೆಯುಂಟು. ಇಂದು ಹತ್ತು ವರ್ಷದವರ ನಡುವೆ ಸೀಟಿ ಹಿಡಿದವನು ನಾಳೆ ದೊಡ್ಡವರ ನಡುವೆ ಹಿಡಿದಾನು ಎಂಬುದು ಇದರ ಆಶಯ. ಸಸಿಯನ್ನು ಮಡಿಯಲ್ಲಿ ಬೆಳೆಸಿ ಗದ್ದೆಗೆ ನೆಡುವ ಹಾಗೆ.

ಅಂಥ ಸಸಿಗಳು ಎಷ್ಟು ಬೇಕಾಗಿವೆಯೆಂಬುದನ್ನು ತಿಳಿಯಬೇಕಾದರೆ ಪಂದ್ಯಗಳ ಪಟ್ಟಿ ಹಾಕುವವರ ಪಾಡನ್ನು ನೋಡಬೇಕು. ಆ ಕ್ಲಬ್ಬಿನಲ್ಲಿ ಮಕ್ಕಳ ವಿಭಾಗದ ಕಾರ್ಯದರ್ಶಿಯಾಗಿದ್ದವರು ನಡುವಯಸ್ಸಿನ ಒಬ್ಬ ತಾಯಿ. ಆಕೆಯ ಮುಂದೆ ಎರಡು ಬಯಲುಗಳು, ಅನೇಕ ತಂಡಗಳು. ಹರ್ಲಿಂಗ್ ಆಡುವ ಹುಡುಗನೇ ಫುಟ್‌ಬಾಲನ್ನೂ ಆಡುವನಾದ್ದರಿಂದ ಎರಡೂ ಒಂದೇ ದಿನ ಬೀಳಕೂಡದು. ಹುಡುಗಿಯರಿಗೆ ಕಮೋಗಿ ಆಟದ ಸಂಘ 1904ರಲ್ಲಿಯೂ ಮಹಿಳಾ ಫುಟ್‌ಬಾಲ್ ಸಂಘ 1974ರಲ್ಲಿಯೂ ಬೇರೆಬೇರೆಯಾಗಿ ಹುಟ್ಟಿದವು. ಒಂದರ ಪಟ್ಟಿಯಲ್ಲಿ ಬುಧವಾರವೆಂದಿದ್ದರೆ ಇನ್ನೊಂದರಲ್ಲಿಯೂ ಬುಧವಾರವೇ ಇದ್ದುಬಿಡಬಹುದು. ಮೂರು ಸಂಸ್ಥೆಗಳೂ 2027ರ ಹೊತ್ತಿಗೆ ಒಂದಾಗಬೇಕೆಂಬ ಗುರಿಯನ್ನು 2024ರಲ್ಲಿ ಪ್ರಕಟಿಸಿದುದಕ್ಕೆ ಇಂಥ ತೊಡಕುಗಳೂ ಒಂದು ಕಾರಣ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರ ಸಮೀಪದವರೆಗೆ ಬೆಳಕಿರುತ್ತದೆ. ಆದರೆ ಆಗ ದೊಡ್ಡ ಹುಡುಗರಿಗೆ ಶಾಲೆಯ ಕೊನೆಯ ಪರೀಕ್ಷೆ. ಸೆಪ್ಟೆಂಬರ್ ಮುಗಿಯುವಾಗ ಏಳು ಗಂಟೆಗೇ ಹೊತ್ತು ಮುಳುಗುತ್ತದೆ. ಮಳೆ ಬಂದರೆ ಬಯಲು ಕೆಸರು. ಊರಿನಲ್ಲಿ ಸಾವಾದರೆ ಅಂದಿನ ಪಂದ್ಯವನ್ನು ಮುಂದಕ್ಕೆ ಹಾಕುವುದು ಅವರ ಸಂಪ್ರದಾಯ. ಅದು ನಮಗೂ ಒಪ್ಪತಕ್ಕದ್ದೇ. ಹೀಗೆ ಒಂದನ್ನು ಇಟ್ಟರೆ ಇನ್ನೊಂದು ಹಾರುತ್ತದೆ. ಕಪ್ಪೆಗಳನ್ನು ತಕ್ಕಡಿಯಲ್ಲಿ ಹಾಕಿ ತೂಗುವ ಕೆಲಸ.

ಇಷ್ಟೆಲ್ಲವನ್ನೂ ಹೊಂದಿಸಿದ ಮೇಲೆ ಕೊನೆಯ ಕಪ್ಪೆ ತೀರ್ಪುಗಾರ. 2022ರಿಂದ ಕೌಂಟಿಗಳ ನಡುವಣ ಪಂದ್ಯಗಳನ್ನು ವರ್ಷದ ಮೊದಲ ಭಾಗದಲ್ಲಿ ಮುಗಿಸಿ, ಹಿಂದೆ ಸೆಪ್ಟೆಂಬರಿನಲ್ಲಿ ನಡೆಯುತ್ತಿದ್ದ ಅಂತಿಮ ಪಂದ್ಯಗಳನ್ನು ಜುಲೈಗೆ ತಂದರು. ಉಳಿದ ತಿಂಗಳುಗಳನ್ನು ಕ್ಲಬ್ಬುಗಳಿಗೆ ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಪ್ರಾಯದವರ ಕ್ಲಬ್ ಪಂದ್ಯಗಳೆಲ್ಲ ಬೇಸಗೆಯ ಕೊನೆಯ ಕೆಲವು ವಾರಗಳಲ್ಲಿ ಒತ್ತಾಗಿ ಬಿದ್ದವು. ಅನುಭವಿಗಳಾದ ತೀರ್ಪುಗಾರರನ್ನು ಅವು ಸೆಳೆದುಕೊಂಡ ಮೇಲೆ ಮಕ್ಕಳ ಪಾಲಿಗೆ ಉಳಿಯುವವರು ಬೆರಳೆಣಿಕೆಯಷ್ಟು ಜನ. ಒಬ್ಬನೇ ಮನುಷ್ಯ ಆರೂವರೆಗೆ ಒಂದು ಬಯಲಿನಲ್ಲಿಯೂ ಎಂಟಕ್ಕೆ ಇನ್ನೊಂದರಲ್ಲಿಯೂ ಇರಬಲ್ಲನು. ಒಂದೇ ಗಳಿಗೆಯಲ್ಲಿ ಎರಡರಲ್ಲಿಯೂ ಇರಲಾರನು.

ಸೆಪ್ಟೆಂಬರ್ ಮೊದಲ ವಾರದ ಒಂದು ಶನಿವಾರ, ಪಕ್ಕದ ಊರಿನ ಮಕ್ಕಳೊಡನೆ ಪಂದ್ಯ. ಸೀಟಿ ಹಿಡಿದು ನಿಂತವನು ಅದೇ ಕ್ಲಬ್ಬಿನ ಹದಿನಾರು ವರ್ಷದ ಹುಡುಗ. ಎದುರು ತಂಡದ ಬಾಲಕನೊಬ್ಬ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಹೊಡೆದು, ಬಲೆಗೆ ಸೇರಿಸಿದನು. ಕಂಬದ ಬಳಿ ನಿಂತಿದ್ದ ತಾಯಿಯೊಬ್ಬಳು ಹಸಿರು ಬಾವುಟವನ್ನೆತ್ತಿದಳು. ಗೃಹಸ್ಥರು ಹೆಜ್ಜೆ ಎಣಿಸಿದ್ದರು. “ಐದು! ಐದು ಹೆಜ್ಜೆ! ನಿನಗೆ ಲೆಕ್ಕ ಬರುವುದಿಲ್ಲವೆ?” ಎಂದು ಕೂಗಿದರು. ಸುತ್ತಲಿದ್ದವರು ನಕ್ಕರು. ಆ ನಗೆಯಿಂದ ಉತ್ತೇಜನ ಪಡೆದು, ಪಂದ್ಯ ಮುಗಿಯುವವರೆಗೂ ಸೀಟಿಯಾದಾಗಲೆಲ್ಲ “ಲೆಕ್ಕ! ಲೆಕ್ಕ!” ಎಂದರು. ಇತರರೂ ಅದನ್ನೇ ಹಿಡಿದುಕೊಂಡರು. ಹುಡುಗನು ಒಂದೇ ಒಂದು ಸಲ ಗೆರೆಯ ಕಡೆಗೆ ತಿರುಗಿ ನೋಡಿದನು. ಅವನ ಕಿವಿಗಳು ಕೆಂಪಾಗಿದ್ದವು. ಆಟ ಮುಗಿದೊಡನೆ ಯಾರೊಡನೆಯೂ ಮಾತನಾಡದೆ ಸೈಕಲ್ಲು ಹತ್ತಿ ಹೊರಟುಹೋದನು.

ಮನೆಗೆ ಬರುವಾಗ ಕಾರಿನಲ್ಲಿ ಮಗನು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ, ನನಗೆ ಚೆಂಡನ್ನು ದಾಂಡಿನ ಮೇಲೆ ನಿಲ್ಲಿಸಿಕೊಂಡು ಓಡುವುದನ್ನು ಹೇಳಿಕೊಟ್ಟವನು ಅವನೇ” ಎಂದನು. ಅಪ್ಪನಿಗೆ ಏನು ಹೇಳಬೇಕೋ ತೋಚಲಿಲ್ಲ. “ಆಟದಲ್ಲಿ ಇದೆಲ್ಲ ಇದ್ದದ್ದೇ” ಎಂದರು.

ಮುಂದಿನ ಶನಿವಾರ ಬೆಳಿಗ್ಗೆ ಫೋನಿಗೆ ಕಾರ್ಯದರ್ಶಿಯ ಸಂದೇಶ ಬಂತು: ತೀರ್ಪುಗಾರರು ಸಿಕ್ಕಿಲ್ಲ, ಪಂದ್ಯವಿಲ್ಲ. ಮಗನು ಅದಾಗಲೇ ಉಡುಪು ತೊಟ್ಟು, ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದನು. ವಿಷಯ ತಿಳಿದ ಮೇಲೆಯೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದನು. ಅದರ ಮುಂದಿನ ವಾರವೂ ಅದೇ ಸಂದೇಶ. ಗೃಹಸ್ಥರು ಕಾರ್ಯದರ್ಶಿಯನ್ನು ಕಂಡು, ಇದೆಂಥ ಏರ್ಪಾಡೆಂದು ಕೇಳಿದರು. ಆಕೆ ಕೋಪಿಸಿಕೊಳ್ಳಲಿಲ್ಲ. “ಆ ಹುಡುಗ ಸೀಟಿಯನ್ನು ಹಿಂದಕ್ಕೆ ತಂದುಕೊಟ್ಟ. ಕಾರಣ ಹೇಳಲಿಲ್ಲ; ನಾನೂ ಕೇಳಲಿಲ್ಲ. ನಿಮಗೆ ನಿಯಮಗಳು ಚೆನ್ನಾಗಿ ಗೊತ್ತಿವೆ. ನೀವು ಹಿಡಿಯುತ್ತೀರಾ?” ಎಂದಳು. ಕುಹಕವಿದ್ದಿದ್ದರೆ ಉತ್ತರ ಕೊಡಬಹುದಾಗಿತ್ತು. ಆಕೆ ನಿಜವಾಗಿಯೇ ಕೇಳಿದ್ದಳು.

ಮಕ್ಕಳೊಡನೆ ಕೆಲಸ ಮಾಡುವ ವಯಸ್ಕರನ್ನೆಲ್ಲ ಪೊಲೀಸರ ಮೂಲಕ ಪರಿಶೀಲಿಸಬೇಕೆಂಬುದು ಆ ದೇಶದ ಕಾನೂನು. ಅದೂ ಒಂದು ಸಂಜೆಯ ಪಾಠವೂ ಮುಗಿದು, ಅಕ್ಟೋಬರಿನ ಒಂದು ಬೆಳಿಗ್ಗೆ ಗೃಹಸ್ಥರು ಬಯಲಿಗಿಳಿದರು. ಗೆರೆಯ ಹೊರಗಿನಿಂದ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ ಆಟವು ಗೆರೆಯ ಒಳಗೆ ಬೇರೆಯೇ ಆಗಿತ್ತು. ತಗ್ಗಿನ ಬಿಸಿಲು ನೇರವಾಗಿ ಕಣ್ಣಿಗೆ ಬೀಳುತ್ತಿತ್ತು. ಹತ್ತು ಹನ್ನೆರಡು ದಾಂಡುಗಳು ಒಂದೆಡೆ ಸೇರಿ ಸದ್ದು ಮಾಡುತ್ತಿರುವಾಗ ಚೆಂಡೆಲ್ಲಿ, ಕೈಯೆಲ್ಲಿ, ಬೆರಳೆಲ್ಲಿ? ಹೆಜ್ಜೆ ಎಣಿಸಲು ಹೋದರೆ ಹಿಂದೆ ಬಿದ್ದ ಮಗು ಕಾಣದು; ಮಗುವನ್ನು ನೋಡಿದರೆ ಹೆಜ್ಜೆ ತಪ್ಪುತ್ತದೆ. ಕಾಲು ಗಂಟೆಯೊಳಗೆ ಏದುಸಿರು. ಆಗ ಗೆರೆಯ ಕಡೆಯಿಂದ ಯಾವನೋ ಒಬ್ಬ ತಂದೆಯ ದನಿ ಕೇಳಿಸಿತು: “ಐದು ಹೆಜ್ಜೆ!” ಗೃಹಸ್ಥರು ತಿರುಗಿ ನೋಡಲಿಲ್ಲ. ತಮ್ಮ ಕಿವಿಗಳು ಬಿಸಿಯಾದದ್ದು ಮಾತ್ರ ಅವರಿಗೆ ತಿಳಿಯಿತು.

ಅನುಭವಿಗಳೂ ಎಡವದವರಲ್ಲ. 1998ರ ಆಗಸ್ಟ್ 22ರಂದು ಕ್ರೋಕ್ ಪಾರ್ಕಿನಲ್ಲಿ ಕ್ಲೇರ್ ಮತ್ತು ಆಫಲಿ ಕೌಂಟಿಗಳ ಹರ್ಲಿಂಗ್ ಪಂದ್ಯವನ್ನು ತೀರ್ಪುಗಾರನು ಗಡಿಯಾರ ತಪ್ಪಿ ಎರಡು ನಿಮಿಷ ಮೊದಲೇ ಮುಗಿಸಿಬಿಟ್ಟನು. ಮೂರು ಅಂಕ ಹಿಂದಿದ್ದ ಆಫಲಿಯ ಜನ ಬಯಲಿನಲ್ಲಿಯೇ ಕುಳಿತರು. ಪಂದ್ಯವನ್ನು ವಾರದ ತರುವಾಯ ಥರ್ಲ್ಸಿನಲ್ಲಿ ಮತ್ತೆ ಆಡಿಸಿದರು. ಆಫಲಿ ಗೆದ್ದು ಆ ವರ್ಷದ ದೇಶಪ್ರಶಸ್ತಿಯನ್ನೂ ಪಡೆಯಿತು. ತಪ್ಪನ್ನು ತಿದ್ದಲು ದಾರಿ ಇತ್ತು. ಆದರೆ ತಿದ್ದಲಾರದ ಸಂಗತಿಗಳೂ ನಡೆದಿವೆ. 2022ರ ಸೆಪ್ಟೆಂಬರಿನಲ್ಲಿ ರಾಸ್ಕಾಮನ್ ಕೌಂಟಿಯ ಕಿರಿಯರ ಪಂದ್ಯವೊಂದರಲ್ಲಿ ತೀರ್ಪುಗಾರನ ಮೇಲೆ ಹಲ್ಲೆಯಾಯಿತೆಂಬ ಸುದ್ದಿ ಬಂದು, ಆ ಕೌಂಟಿಯಲ್ಲಿ ಪಂದ್ಯಗಳನ್ನೇ ನಿಲ್ಲಿಸಬೇಕಾಯಿತು. ಹಲ್ಲೆ ಮಾಡುವವರು ವಿರಳ, ಕೂಗುವವರು ವಿರಳರಲ್ಲ. ಹಲ್ಲೆಯ ಸುದ್ದಿ ಪತ್ರಿಕೆಗೆ ಹೋಗುತ್ತದೆ. ಕೂಗಿಗೆ ಬೇಸತ್ತು ಸೀಟಿಯನ್ನು ಹಿಂತಿರುಗಿಸಿದ ಹುಡುಗನ ಸುದ್ದಿ ಎಲ್ಲಿಗೂ ಹೋಗುವುದಿಲ್ಲ. ಪಟ್ಟಿಯಲ್ಲಿ ಒಂದು ಹೆಸರು ಕಡಮೆಯಾಗುತ್ತದೆ, ಅಷ್ಟೆ.

ಆ ಹುಡುಗನು ಸಂಜೆಯ ಹೊತ್ತು ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದನು. ಗೃಹಸ್ಥರು ಎರಡು ಸಲ ಬಾಗಿಲವರೆಗೆ ಹೋಗಿ, ಬೇಡದ ಬ್ರೆಡ್ಡನ್ನು ಕೊಂಡು ಹಿಂದಿರುಗಿದರು. ತನ್ನ ಅರ್ಧ ವಯಸ್ಸೂ ಇಲ್ಲದವನ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ಅವರು ಕಲಿತಿರಲಿಲ್ಲ. ಮೂರನೆಯ ಸಲ ನಿಂತು, “ಆ ಶನಿವಾರ ನಾನು ಕೂಗಬಾರದಾಗಿತ್ತು. ತಪ್ಪಾಯಿತು” ಎಂದರು.

ಹುಡುಗನು ಸಾಮಾನುಗಳನ್ನು ಜೋಡಿಸುತ್ತಲೇ, “ಐದು ಹೆಜ್ಜೆ ಆಗಿದ್ದರೂ ಆಗಿರಬಹುದು. ನನಗೆ ಕಾಣಲಿಲ್ಲ” ಎಂದನು.

“ಈಗ ನನಗೂ ಕಾಣುವುದಿಲ್ಲ” ಎಂದರು ಗೃಹಸ್ಥರು.

ಹುಡುಗನು ಸಣ್ಣಗೆ ನಕ್ಕನು. ಮತ್ತೆ ಸೀಟಿ ಹಿಡಿಯುವೆಯಾ ಎಂದು ಕೇಳಿದಾಗ, “ನೋಡೋಣ” ಎಂದನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಹುಡುಗನು ಆಟವನ್ನು ಬಿಡಲಿಲ್ಲ. ತನಗಿಂತ ಚಿಕ್ಕವರಿಗೆ ಹೇಳಿಕೊಡುವುದನ್ನೂ ಬಿಡಲಿಲ್ಲ. ಗೃಹಸ್ಥರನ್ನು ಕಂಡರೆ ಕೈಯೆತ್ತುತ್ತಾನೆ. ಆದರೆ ಮುಂದಿನ ವಸಂತದಲ್ಲಿ ಪಂದ್ಯಗಳು ಮತ್ತೆ ಆರಂಭವಾದಾಗ ತೀರ್ಪುಗಾರರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಗೃಹಸ್ಥರ ಹೆಸರಿತ್ತು. ಒಂದು ಹೋಗಿ ಒಂದು ಬಂದುದರಿಂದ ಲೆಕ್ಕ ಸರಿಹೋಯಿತೆಂದು ಯಾರಾದರೂ ಹೇಳಬಹುದು, ಅವರು ಹೇಳಿಕೊಳ್ಳುವುದಿಲ್ಲ. ಆತನು ಇನ್ನು ನಲವತ್ತು ವರ್ಷ ಓಡಬಲ್ಲವನಾಗಿದ್ದನು. ಇವರ ಮಂಡಿ ಈಗಲೇ ನೋಯುತ್ತದೆ.

ಈಗಲೂ ಕೆಲವು ಶನಿವಾರ ಒಂದೇ ಹೊತ್ತಿಗೆ ಎರಡು ಪಂದ್ಯಗಳು ಬೀಳುತ್ತವೆ. ಕಾರ್ಯದರ್ಶಿ ಫೋನು ಮಾಡುತ್ತಾಳೆ. ಒಂದನ್ನು ಇವರು ಆಡಿಸುತ್ತಾರೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ. ಎಲ್ಲಿಯೋ ಒಂದು ಮನೆಯ ಮೆಟ್ಟಿಲ ಮೇಲೆ ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಯಾವುದೋ ಮಗು ಕುಳಿತಿರುತ್ತದೆಂದು ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುವಾಗಲೆಲ್ಲ ಅವರಿಗೆ ನೆನಪಾಗುತ್ತದೆ.