ದೇವರ ಮೇಲೊಂದು ತಕರಾರು

ಕ್ರೈಸ್ತರ ಮನೆಯಲ್ಲಿ ಸಾವಾದಾಗ ಬಂದವರು ಆಡುವ ಮಾತುಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ‘ದೇವರ ಚಿತ್ತ’, ‘ಪ್ರಭುವಿನ ಪಾದ ಸೇರಿದರು’, ‘ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ’. ಕೊನೆಯದು ನಮ್ಮವರ ಮಾತಷ್ಟೇ ಅಲ್ಲ, ನಮ್ಮ ಸುಬ್ರಹ್ಮಣ್ಯಪುರದ ಬೀದಿಯಲ್ಲಿ ಯಾರು ತೀರಿಕೊಂಡರೂ ಕೇಳಿಸುತ್ತದೆ. ನನಗೆ ಕಷ್ಟವಾಗುವುದು ಮೊದಲನೆಯದು. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ಕೇಳಿಸಿಕೊಂಡವರ ಬಾಯಿಗೆ ಬೀಗ ಹಾಕುತ್ತದೆ. ದೇವರ ಚಿತ್ತವೇ ಆದಮೇಲೆ ಅಳುವುದಕ್ಕೇನು ಉಳಿಯಿತು?

ಅಪ್ಪ ಹೋದದ್ದು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ. ಹಾಸಿಗೆ ಸಿಕ್ಕಿದ್ದು ಮೂರನೇ ಆಸ್ಪತ್ರೆಯಲ್ಲಿ, ಅದೂ ತಡವಾಗಿ. ನಮ್ಮಲ್ಲಿ ಸಾವಿಗೊಂದು ಕ್ರಮವಿದೆ. ದೇಹವನ್ನು ಮನೆಗೆ ತಂದು, ತಲೆಯ ಬಳಿ ಶಿಲುಬೆ, ಮೇಣದಬತ್ತಿ ಇಟ್ಟು, ಸುತ್ತ ಕೂತು ಜಪಸರ ಹೇಳುತ್ತಾರೆ. ಚರ್ಚಿನಲ್ಲಿ ಪೂಜೆ, ಆಮೇಲೆ ಒಬ್ಬೊಬ್ಬರೂ ಗುಣಿಗೆ ಒಂದೊಂದು ಹಿಡಿ ಮಣ್ಣು. ಇದ್ಯಾವುದೂ ಆಗಲಿಲ್ಲ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಮೈತುಂಬ ಕವಚ ತೊಟ್ಟ ನಾಲ್ಕು ಜನ ಸ್ವಯಂಸೇವಕರು, ದೂರದಲ್ಲಿ ನಾನು, ಫೋನಿನಲ್ಲಿ ಅಮ್ಮ. ಪಕ್ಕದ ಮನೆಯ ಆಂಟಿ ನಮ್ಮ ಗೇಟಿಗೆ ಅನ್ನ-ಸಾರಿನ ಕ್ಯಾರಿಯರ್ ನೇತುಹಾಕಿ ಫೋನ್ ಮಾಡಿದರು. ‘ನಿಮ್ಮಲ್ಲಿ ಹನ್ನೊಂದನೇ ದಿನ ಮಾಡ್ತಾರಾ ಮಗಾ?’ ಇಲ್ಲ ಆಂಟಿ, ತಿಂಗಳ ಪೂಜೆ ಅಂದೆ. ‘ಅದನ್ನಾದ್ರೂ ಸರಿಯಾಗಿ ಮಾಡಿ’ ಅಂದರು. ಚರ್ಚೂ ಮುಚ್ಚಿತ್ತು.

ಅಮ್ಮ ಸಂಜೆ ಏಳಕ್ಕೆ ಜಪಸರ ಹಿಡಿದು ಕೂರುವುದನ್ನು ಮಾತ್ರ ಬಿಡಲಿಲ್ಲ. ಆದರೆ ನಾಲ್ಕೈದು ಮಣಿ ಸರಿಸಿ ನಿಲ್ಲಿಸಿಬಿಡುತ್ತಿದ್ದರು. ಗೋಡೆಯ ಮೇಲಿನ ಯೇಸುವಿನ ಪಟ ನೋಡಿ, ‘ನಿಂಗೇನು ಕಡಿಮೆ ಮಾಡಿದ್ದೆ ಸ್ವಾಮಿ? ಒಂದು ಭಾನುವಾರ ತಪ್ಪಿಸಿದ್ನಾ? ಒಂದು ಬೆಡ್ ಕೊಡ್ಸೋಕೆ ಆಗ್ಲಿಲ್ವಾ ನಿನ್ ಕೈಲಿ?’ ಆಮೇಲೆ ಮುಂದಿನ ಮಣಿ. ‘ನಮೋ ಮರಿಯಾ’ ಶುರು. ಇದು ತಿಂಗಳುಗಟ್ಟಲೆ ನಡೆಯಿತು. ಒಮ್ಮೆ ದೊಡ್ಡಮ್ಮ ಫೋನಿನಲ್ಲಿ ಕೇಳಿಸಿಕೊಂಡು ಗಾಬರಿಯಾದರು: ‘ಹಂಗೆಲ್ಲ ಅನ್ನಬಾರದು ಕಣೆ, ಪಾಪ ಬರುತ್ತೆ.’ ಅಮ್ಮ ತಣ್ಣಗೆ ಅಂದರು: ‘ಅವನ ಹತ್ರ ಅಲ್ದೆ ಇನ್ಯಾರ ಹತ್ರ ಅನ್ನಲಿ ಅಕ್ಕಾ?’

ಕನ್ನಡ ಸಾಹಿತ್ಯ ಓದಿದವರಿಗೆ ಇದೇನೂ ಹೊಸದಲ್ಲ. ನಮ್ಮಲ್ಲಿ ನಿಂದಾಸ್ತುತಿ ಎಂಬ ಹೆಸರೇ ಇದೆ. ದಾಸರು ವಿಠಲನನ್ನು ಹಂಗಿಸಿದ್ದಾರೆ, ಸಾಲಗಾರನನ್ನು ಹಿಡಿದು ನಿಲ್ಲಿಸಿದಂತೆ ನಿಲ್ಲಿಸಿದ್ದಾರೆ. ಸಂಶೋಧನೆಯ ನೆಪದಲ್ಲಿ ನಾನು ಅವನ್ನೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಕಾಲದಲ್ಲೇ ಪಕ್ಕದ ಕೋಣೆಯಲ್ಲಿ ಅಮ್ಮನ ಜಗಳ ನಡೆಯುತ್ತಿತ್ತು. ಹಾಗಾಗಿಯೇ ನಾನು ಬೈಬಲನ್ನು ಮತ್ತೆ ತೆಗೆದದ್ದು. ಭಕ್ತಿಗಿಂತ ಹೆಚ್ಚಾಗಿ ಕುತೂಹಲದಿಂದ.

150 ಕೀರ್ತನೆಗಳಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಅಳಲಿನವು. ಎಷ್ಟು ದಿನ ಮರೆತಿರುತ್ತೀಯ, ಯಾಕೆ ಮುಖ ತಿರುಗಿಸಿದೆ ಎಂಬ ಧಾಟಿಯವು. ಅವುಗಳಲ್ಲಿ ಬಹುಪಾಲು ಕೊನೆಗೆ ಹೇಗೋ ಸ್ತುತಿಯತ್ತ ಹೊರಳುತ್ತವೆ. 88ನೆಯದು ಹೊರಳುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತುಹಾಕಲಿಲ್ಲ. ಕಥೋಲಿಕ ಗುರುಗಳು, ಕನ್ಯಾಸ್ತ್ರೀಯರು ಹೇಳುವ ರಾತ್ರಿ ಜಪದಲ್ಲಿ ಪ್ರತಿ ಶುಕ್ರವಾರದ ಪಾಲಿಗೆ ಬರುವುದು ಅದೇ. ವಾರಕ್ಕೊಂದು ರಾತ್ರಿ, ಸಮಾಧಾನದ ಒಂದು ಸಾಲೂ ಇಲ್ಲದ ಪ್ರಾರ್ಥನೆಯನ್ನು ಹೇಳಿ ಮಲಗಿ ಎಂದು ಸಭೆಯೇ ಗೊತ್ತುಮಾಡಿದೆ. ಆ ಕೀರ್ತನೆಯಲ್ಲಿ ಭರವಸೆ ಎಲ್ಲಿದೆ ಎಂದು ಹುಡುಕಿದರೆ ಒಂದೇ ಕಡೆ ಸಿಗುತ್ತದೆ: ಅಷ್ಟೆಲ್ಲ ಹೇಳುವವನು ದೇವರಿಗೇ ಹೇಳುತ್ತಿದ್ದಾನೆ. ದೇವರ ಬಗ್ಗೆ ಇನ್ನೊಬ್ಬರ ಹತ್ತಿರ ದೂರುತ್ತಿಲ್ಲ.

ಬೆಥಾನಿಯದ ಲಾಜರನ ಕತೆಯೂ ಹಾಗೆಯೇ. ತಮ್ಮ ಸತ್ತು ನಾಲ್ಕು ದಿನವಾದ ಮೇಲೆ ಬಂದ ಯೇಸುವನ್ನು ಮಾರ್ತಳು ಎದುರುಗೊಳ್ಳುವುದು ಆಕ್ಷೇಪಣೆಯಿಂದ. ನೀನಿಲ್ಲಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಮರಿಯಳೂ ಅದನ್ನೇ ಹೇಳುತ್ತಾಳೆ. ಯೇಸು ಇಬ್ಬರನ್ನೂ ಗದರಿಸುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುವವನೇ ಸಮಾಧಿಯ ದಾರಿಯಲ್ಲಿ ಕಣ್ಣೀರು ಹಾಕುತ್ತಾನೆ. ಎದ್ದು ಬರುತ್ತಾನೆಂದು ಗೊತ್ತಿದ್ದೂ ಅತ್ತದ್ದು ಯಾಕೆ? ಸಾವಿನ ಮನೆಗಳಲ್ಲಿ ಪೌಲ ಥೆಸಲೋನಿಕದವರಿಗೆ ಬರೆದ ಮಾತನ್ನು ನೆನಪಿಸುವವರಿಗೆ ನಾನು ಇದನ್ನು ಕೇಳಬೇಕೆಂದುಕೊಳ್ಳುತ್ತೇನೆ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಪೌಲ ಬರೆದ. ದುಃಖಿಸಲೇಬೇಡಿ ಎಂದು ಬರೆಯಲಿಲ್ಲ.

ಅಜ್ಜಿಯ ಕಾಲದಲ್ಲಿ ಸಾವಿನ ಪೂಜೆಗೆ ಗುರುಗಳು ಕಪ್ಪು ಉಡುಪು ತೊಡುತ್ತಿದ್ದರಂತೆ, ಜಪವೆಲ್ಲ ಲ್ಯಾಟಿನ್. ಎರಡನೇ ವ್ಯಾಟಿಕನ್ ಸಮ್ಮೇಳನದ ನಂತರ 1969ರಲ್ಲಿ ಹೊಸ ಅಂತ್ಯಕ್ರಿಯೆಯ ವಿಧಿ ಬಂತು. ಪುನರುತ್ಥಾನಕ್ಕೆ ಒತ್ತು ಬಿತ್ತು, ತೀರ್ಪಿನ ದಿನವನ್ನು ಕುರಿತ ಆ ಭಯದ ಹಾಡು ಪೂಜೆಯಿಂದ ಹೋಯಿತು, ಬಿಳಿಯ ಉಡುಪು ಬಂತು. ಕನ್ನಡದಲ್ಲಿ ಕೇಳಿಸಿಕೊಳ್ಳುವುದು ದೊಡ್ಡ ಲಾಭವೇ. ಆದರೂ ಕೆಲವು ಪ್ರಬೋಧನೆಗಳನ್ನು ಕೇಳುವಾಗ, ಶುಕ್ರವಾರದಿಂದ ನೇರ ಭಾನುವಾರಕ್ಕೆ ಹಾರಿಬಿಡುತ್ತೇವಲ್ಲ, ನಡುವೆ ಶನಿವಾರ ಅಂತ ಒಂದಿತ್ತು ಅನ್ನಿಸುತ್ತದೆ. ಶಿಷ್ಯರಿಗೆ ಏನೂ ಗೊತ್ತಿಲ್ಲದೆ ಕಳೆದ ಶನಿವಾರ. ನಮ್ಮ ಮನೆಯಲ್ಲಿ ಅದು ಒಂದೂವರೆ ವರ್ಷ ಇತ್ತು.

ಅಜ್ಜಿಯ ಮಾತು ಬಂತು. ಅಪ್ಪನ ತಾಯಿಯ ತವರು ಹೆಸರಘಟ್ಟದ ಕಡೆಯ ಸಿಲ್ವೆಪುರ. 1876–78ರ ದೊಡ್ಡ ಬರದಲ್ಲಿ ಅನಾಥರಾದ ಮಕ್ಕಳನ್ನು ನೆಲೆ ನಿಲ್ಲಿಸಲು ಫ್ರೆಂಚ್ ಮಿಶನರಿಗಳು ಕಟ್ಟಿದ ಊರು. ಸಿಲುವೆ ಎಂದರೆ ಶಿಲುಬೆ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆ ಮಕ್ಕಳಿಗೆ ಅನ್ನ ಸಿಕ್ಕಿತು, ಹೊಸ ಹೆಸರು ಸಿಕ್ಕಿತು, ಹೊಸ ದೇವರು ಸಿಕ್ಕಿದ. ದಾರಿಯಲ್ಲಿ ಬಿದ್ದುಹೋದ ತಾಯಿತಂದೆಯರಿಗಾಗಿ ಅವರು ಯಾವ ದೇವರ ಮುಂದೆ ಅತ್ತರೋ. ಅಜ್ಜಿ ಮಾತ್ರ ಊಟದ ಮುಂಚಿನ ಜಪ ಮುಗಿಸುವಾಗ ಯಾವ ಪುಸ್ತಕದಲ್ಲೂ ಇಲ್ಲದ ಒಂದು ತುಣುಕು ಸೇರಿಸುತ್ತಿದ್ದರು: ‘ಹೆಸರು ಗೊತ್ತಿಲ್ಲದ ನಮ್ಮೋರಿಗೂ.’ ಜ್ಞಾನಸ್ನಾನ ಆಗದವರು, ಯಾವ ಗುರುವೂ ಹೂಳದವರು. ಅವರಿಗೂ ಒಂದು ಜಾಗ ಮಾಡು ಎಂದು ದೇವರಿಗೆ ದಿನಾ ನೆನಪಿಸುವ ಕೆಲಸವನ್ನು ಅಜ್ಜಿ ತಾವಾಗಿ ವಹಿಸಿಕೊಂಡಿದ್ದರು.

ಅಮ್ಮ ಈಗ ಆ ತುಣುಕನ್ನು ಹೇಳುತ್ತಾರೆ. ಯಾವಾಗ ಶುರುವಾಯಿತೋ ನಾನು ಗಮನಿಸಲಿಲ್ಲ. ಅಪ್ಪನ ಹೆಸರು, ಆಮೇಲೆ ‘ಆ ವರ್ಷ ಒಬ್ಬೊಬ್ಬರೇ ಹೋದೋರಿಗೆ’, ಆಮೇಲೆ ಅಜ್ಜಿಯ ‘ಹೆಸರು ಗೊತ್ತಿಲ್ಲದ ನಮ್ಮೋರಿಗೂ’. ಕಳೆದ ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ಸಮಾಧಿಯ ಮೇಲಿನ ಹುಲ್ಲು ಕಿತ್ತು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚಿದೆವು. ಗುರುಗಳು ಮಂತ್ರಿಸಿದ ನೀರು ಚಿಮುಕಿಸುತ್ತಾ ನಮ್ಮ ಸಾಲಿಗೆ ಬಂದರು. ‘ಈಗ ಸಮಾಧಾನ ಆಯ್ತೇನಮ್ಮಾ?’ ಎಂದು ಕೇಳಿದರು.

‘ಇನ್ನೂ ಕೇಳೋದಿದೆ ಫಾದರ್’ ಎಂದು ಅಮ್ಮ ಸೆರಗಿನಿಂದ ಕಲ್ಲಿನ ಮೇಲಿನ ನೀರು ಒರೆಸಿದರು. ಗಾಳಿಗೆ ಬತ್ತಿ ಆರಿತು. ಬೆಂಕಿಪೊಟ್ಟಣ ನನ್ನ ಹತ್ತಿರವೇ ಇತ್ತು.