ಅರ್ಪಣೆಯ ಒಂದು ಸಾಲು

1880ರಲ್ಲಿ ‘ಬೆನ್‌ಹರ್’ ಕಾದಂಬರಿ ಪ್ರಕಟವಾದ ಮೇಲೆ ಅದರ ಕರ್ತೃ, ಅಮೆರಿಕದ ಲ್ಯೂ ವ್ಯಾಲೇಸನಿಗೆ ಅಪರಿಚಿತರಿಂದ ಸಂತಾಪದ ಪತ್ರಗಳು ಬರತೊಡಗಿದವು. ಗ್ರಂಥವನ್ನು ಆತ ತನ್ನ ಯೌವನದ ಮಡದಿಗೆ ಅರ್ಪಿಸಿದ್ದ. ಆಕೆ ತೀರಿಕೊಂಡಳೆಂದೇ ಓದುಗರು ಬಗೆದರು. ಆಕೆ ಇನ್ನೂ ತನ್ನೊಡನಿರುವಳೆಂದು ಮುಂದಿನ ಮುದ್ರಣಗಳಲ್ಲಿ ಸೇರಿಸಬೇಕಾಯಿತು!

ಆಕೆಯೇ ಸೂಸನ್ ಎಲ್ಸ್‌ಟನ್. 1852ರಲ್ಲಿ ಇಂಡಿಯಾನಾ ಪ್ರಾಂತದ ಕ್ರಾಫರ್ಡ್ಸ್‌ವಿಲ್ಲಿನಲ್ಲಿ ವಿವಾಹ. ಮರುವರ್ಷ ಏಕಮಾತ್ರ ಪುತ್ರ ಹೆನ್ರಿಯ ಜನನ. ಅಂತರ್ಯುದ್ಧ ತಲೆದೋರಿದಾಗ ವ್ಯಾಲೇಸ್ ಉತ್ತರದ ಪಕ್ಷದ ಸೇನಾನಿಯಾದ. 1862ರ ಏಪ್ರಿಲ್ 6ರಂದು ಶೈಲೋ ರಣರಂಗಕ್ಕೆ ಹೊರಟ ಆತನ ದಳ ಅರ್ಧದಲ್ಲಿ ದಾರಿ ಬದಲಿಸಬೇಕಾಗಿ, ಅಂದಿನ ಕಾಳಗ ಮುಗಿದ ಬಳಿಕ ತಲುಪಿತು. ವಿಳಂಬದ ಅಪವಾದ ಆತನಿಗೆ ಅಂಟಿತು. 1864ರಲ್ಲಿ ಮೊನಾಕಸಿ ನದಿಯ ಬಳಿ, ತಾನು ಸೋತರೂ, ದಕ್ಷಿಣದ ಸೇನೆಯನ್ನು ಒಂದು ದಿನ ತಡೆದು ರಾಜಧಾನಿಯನ್ನು ಉಳಿಸಿದ. ಆದರೂ ಆ ಕಲೆ ಮಾಸಲಿಲ್ಲ.

1881ರಿಂದ 1885ರವರೆಗೆ ಆತ ತುರ್ಕಿಯಲ್ಲಿ ಅಮೆರಿಕದ ರಾಯಭಾರಿ. ಸುಲ್ತಾನ ಎರಡನೆಯ ಅಬ್ದುಲ್ ಹಮೀದನ ಸ್ನೇಹ ದೊರೆಯಿತು; ಕಾದಂಬರಿಯಿಂದ ಕೀರ್ತಿಯೂ ಧನವೂ ಬಂದವು. ಶೈಲೋ ಮಾತ್ರ ಮನದಿಂದ ತೊಲಗಲಿಲ್ಲ. ವೃದ್ಧಾಪ್ಯದಲ್ಲಿ ಆತ್ಮಕಥೆಗೆ ಕೈಹಾಕಿದವನು ಮೊನಾಕಸಿಯ ಪ್ರಸಂಗದವರೆಗೆ ಬರೆದು, 1905ರಲ್ಲಿ ಕಣ್ಮುಚ್ಚಿದ.

ಉಳಿದುದನ್ನು ಪೂರೈಸಿದವಳು, ಸ್ವತಃ ಲೇಖಕಿಯಾಗಿದ್ದ ಸೂಸನ್. ಗ್ರಂಥ 1906ರಲ್ಲಿ ಹೊರಬಂದಿತು. ಮರುವರ್ಷ ಆಕೆಯೂ ತೀರಿಕೊಂಡಳು. ಹಿಂದೊಮ್ಮೆ ಓದುಗರು ಯಾರ ಮರಣಕ್ಕಾಗಿ ಮರುಗಿದ್ದರೋ, ಆ ಮಡದಿಯೇ ಪತಿಯ ಕೊನೆಯ ಮಾತನ್ನು ಅವರಿಗೆ ತಲುಪಿಸಿದಳು.